ಹೌಗೆನ್‌ಗಳ ಬರಿ ಯಾವುದು?

ಗಲ್ಫ್‌ನಲ್ಲಿ ದುಡಿಯುವವನಿಗೆ ಬಿಸಿಲು ಅಭ್ಯಾಸವಾಗಿಬಿಡುತ್ತದೆ, ಅನುಮಾನ ಮಾತ್ರ ದಿನಾ ಹೊಸದು. ತೊಂಬತ್ತರ ದಶಕದಲ್ಲಿ, ಕತಾರಿನ ರಾಸ್ ಲಫಾನಿನಲ್ಲಿ ಗ್ಯಾಸ್ ಪ್ಲಾಂಟು ಏಳುತ್ತಿದ್ದಾಗ, ನನ್ನ ಅನುಮಾನವೆಲ್ಲ ನಾರ್ವೆಯ ಒಂದು ಹೆಸರಿನ ಮೇಲಿತ್ತು.

ಮೂರನೆಯವನು

ನಾನು ಒಂದು ಗುತ್ತಿಗೆ ಕಂಪನಿಯಲ್ಲಿ ಗೇಟ್ ಪಾಸ್ ಮಾಡಿಸುವ ಗುಮಾಸ್ತ. ಮ್ಯಾನೇಜರ್ ನಾರ್ವೆಯವರು, ಮನೆತನದ ಹೆಸರು ಹೌಗೆನ್. ಆಮೇಲೆ ಬಂದ ವೆಲ್ಡಿಂಗ್ ಇನ್‌ಸ್ಪೆಕ್ಟರ್ ಕೂಡ ಹೌಗೆನ್. ಕ್ರೇನಿನವನು ಬಂದ, ಅವನೂ ಹೌಗೆನ್! ನನ್ನ ಕಾಂಟ್ರಾಕ್ಟ್ ಮುಗಿಯುವ ತಿಂಗಳು ಅದು. ಮುಂದುವರಿಸುತ್ತಾರೋ ಊರಿಗೆ ಕಳಿಸುತ್ತಾರೋ, ಮ್ಯಾನೇಜರ್ ಬಾಯಿ ಬಿಡುತ್ತಿರಲಿಲ್ಲ.

"ಮನೆಯವರನ್ನೆಲ್ಲ ತುಂಬಿಸ್ತಾ ಇದ್ದಾರೆ ಮಾರಾಯ್ರೆ," ಎಂದ ನಮ್ಮ ಡ್ರೈವರ್, ಬಂಟ್ವಾಳ ಕಡೆಯ ಶೆಟ್ಟಿ. "ನಾಲ್ಕನೆಯವ ಬಂದ್ರೆ ಕೂರುವುದು ನಿಮ್ಮ ಕುರ್ಚಿಯಲ್ಲೇ. ನೀವು ಖಲಾಸ್."

ಅಂದಿನಿಂದ ನಾನು ಚಹಾಕ್ಕೂ ಏಳಲಿಲ್ಲ, ಕೂತಲ್ಲಿಗೇ ತರಿಸಿಕೊಂಡೆ.

ಕ್ಯಾಂಟೀನ್ ಪತ್ತೇದಾರಿ

ಊಟದ ಹೊತ್ತಿಗೆ ನಾವಿಬ್ಬರೂ ಕಾವಲು ಕೂತೆವು. ಹೌಗೆನ್‌ಗಳು ಬೇರೆ ಬೇರೆ ಮೂಲೆಯಲ್ಲಿ ತಿಂದು ಎದ್ದರು, ಒಬ್ಬರನ್ನೊಬ್ಬರು ನೋಡಲೂ ಇಲ್ಲ. ಪಕ್ಕದ ಮೇಜಿನಲ್ಲಿ ಅಕೌಂಟ್ಸ್‌ನ ರೈ, ನಮ್ಮ ಗುರುತೇ ಇಲ್ಲದವನಂತೆ ಮೀನಿನ ಮುಳ್ಳು ಬಿಡಿಸುತ್ತಿದ್ದ.

"ಇವರೊಳಗೆ ಸಂಬಂಧ ಇಲ್ಲ ಅಂತ ಕಾಣ್ತದೆ," ಎಂದೆ.

"ಎಂಥ ಹೇಳ್ತೀರಿ! ಮಾತೇ ಇಲ್ಲ ಅಂದ್ರೆ ಖಂಡಿತ ಸ್ವಂತ ಅಣ್ಣತಮ್ಮಂದಿರೇ. ಊರಲ್ಲಿ ಜಾಗದ ತಕರಾರು ಇರಬೇಕು," ಎಂದ ಡ್ರೈವರ್.

ನಿಶ್ಚಯದ ಕೇಕು

ಅಷ್ಟರಲ್ಲಿ ಇನ್‌ಸ್ಪೆಕ್ಟರ್ ಕೇಕು ಹಂಚಿದ. ಸೈಟಿನ ಕ್ಲಿನಿಕ್‌ನ ನರ್ಸ್ ಜತೆ ಮದುವೆ ನಿಶ್ಚಯವಂತೆ. ಆಕೆಯೂ ನಾರ್ವೆಯವಳು, ಆಕೆಯೂ ಹುಟ್ಟಿನಿಂದಲೇ ಹೌಗೆನ್! ನಮ್ಮ ತುಳುನಾಡಿನಲ್ಲಿ ಒಂದೇ ಬರಿಯವರು, ಅಂದರೆ ಒಂದೇ ಮೂಲದವರು, ಅಣ್ಣ ತಂಗಿಯರ ಲೆಕ್ಕ. ಬರಿ ಒಂದೇ ಎಂದು ಗೊತ್ತಾದರೆ ಹುಡುಗನ ಕಡೆಯವರು ಕಾಫಿ ಕುಡಿಯದೆ ಏಳುತ್ತಾರೆ.

"ಇಂಥ ಮದುವೆಯ ಕೇಕು ನಾನು ಮುಟ್ಟುವುದಿಲ್ಲ," ಎಂದು ಡ್ರೈವರ್ ತಟ್ಟೆ ದೂಡಿದ.

ನನಗೂ ಅಸಹ್ಯವಾಯಿತು. ಆದರೆ ಕೇಕಿಗೆ ಬರಿ ಇಲ್ಲವಲ್ಲ ಎಂದು ಅವನ ಪಾಲನ್ನೂ ನಾನೇ ತಿಂದೆ.

ಊರಿಗೊಂದು ದಿಬ್ಬ

ಕೊನೆಗೆ ಮ್ಯಾನೇಜರ್ ಕರೆದರು. ಹೋದವನೇ ತಡೆಯಲಾರದೆ ಕೇಳಿಬಿಟ್ಟೆ: "ಸರ್, ಈ ಹೌಗೆನ್‌ಗಳೆಲ್ಲ ನಿಮ್ಮ ಮನೆಯವರಾ?"

ಅವರು ಹೊಟ್ಟೆ ಹಿಡಿದು ನಕ್ಕರು. "ಹೌಗೆನ್ ಅಂದರೆ ದಿಬ್ಬ. ದಿಬ್ಬದ ಪಕ್ಕದ ಜಮೀನಿಗೆ ಅದೇ ಹೆಸರು, ಅಲ್ಲಿದ್ದವರಿಗೆಲ್ಲ, ಕೂಲಿಯಾಳಿಗೂ ಅದೇ ಹೆಸರು. ನಮ್ಮಲ್ಲಿ ಊರಿಗೊಂದು ದಿಬ್ಬ! ಹಿಂದೆಲ್ಲ ಸ್ವಂತ ತಮ್ಮ ಬೇರೆ ಜಮೀನಿಗೆ ಹೋದರೆ ಅವನ ಹೆಸರೇ ಬೇರೆಯಾಗುತ್ತಿತ್ತು."

ಆಮೇಲೆ ನಗು ನಿಲ್ಲಿಸಿದರು. "ಈಗ ನಾನು ಕೇಳುತ್ತೇನೆ. ನೀವು ಶೆಟ್ಟಿ. ಡ್ರೈವರ್ ಶೆಟ್ಟಿ. ಸ್ಟೋರಿನವನು ಶೆಟ್ಟಿ. ಅಡುಗೆಯವನೂ ಶೆಟ್ಟಿ. ಆಫೀಸಿಗೆ ನಿಮ್ಮ ಕುಟುಂಬವನ್ನೇ ತುಂಬಿಸುತ್ತಿದ್ದೀರಿ ಎಂದು ನಿಮ್ಮ ಕಾಂಟ್ರಾಕ್ಟ್ ತಡೆದಿದ್ದೆ."

ನಾನು ಎರಡೂ ಕೈ ಮುಗಿದೆ. "ದೇವರಾಣೆ ಸರ್, ಅವರಲ್ಲಿ ಒಬ್ಬನೂ ನನಗೆ ಸಂಬಂಧಿಯಲ್ಲ!" ಅದು ಅಪ್ಪಟ ಸತ್ಯ.

"ಗೊತ್ತಾಯಿತು. ಶೆಟ್ಟಿಗಳನ್ನು ನಂಬದೆ ಅಕೌಂಟ್ಸ್‌ನ ರೈಯವರನ್ನು ಕೇಳಿದೆ. ನಿಮ್ಮಂಥ ಪ್ರಾಮಾಣಿಕ ಇಡೀ ಕತಾರಿನಲ್ಲೇ ಇಲ್ಲ ಎಂದರು. ಹೊರಗಿನವರ ಮಾತಿಗೆ ಬೆಲೆ ಹೆಚ್ಚು. ಇನ್ನೆರಡು ವರ್ಷ ಇರಿ."

ತಲೆ ತಗ್ಗಿಸಿ ಥ್ಯಾಂಕ್ಸ್ ಹೇಳಿ ಹೊರಗೆ ಬಂದೆ. ರೈ ನನ್ನ ಹೆಂಡತಿಯ ಒಡಹುಟ್ಟಿದ ತಮ್ಮ. ಅಂದಿನಿಂದ ನಾನು ಹೌಗೆನ್‌ಗಳನ್ನು ಬಿಟ್ಟು, ಬೇರೆ ಹೆಸರಿನ ನಾರ್ವೆಯವರ ಮೇಲೆ ಕಣ್ಣಿಟ್ಟೆ.