ಗೋಧಿ ಮುನಿದ ಮೇಲೆ

ಹೊಟ್ಟೆನೋವು ಅಂದರೆ ಜನ ಮರುಗುತ್ತಾರೆ, ತುಟಿ ಊದಿದರೆ ನಗುತ್ತಾರೆ. ಗೋಧಿ ತಿಂದರೆ ನನಗೆ ತುಟಿ ಊದುತ್ತದೆ, ಮೈಯೆಲ್ಲ ತುರಿಕೆ. ಇದು ಅಲರ್ಜಿ ಎಂದು ಡಾಕ್ಟರು ಹೇಳಿದ ದಿನದಿಂದ ಕೂಕಟ್‌ಪಲ್ಲಿಯ ನಮ್ಮ ಮನೆಗೆ ಪ್ರಸಂಗಗಳ ಬರ ಬಂದದ್ದೇ ಇಲ್ಲ.

೧. ಗೋಧಿ ಎಲ್ಲೈತ್ರಿ?

ಆಫೀಸಿನಲ್ಲಿ ಬೀದರದ ಗೆಳೆಯರೊಬ್ಬರು ಚಹಾದ ಜೊತೆ ಬಿಸ್ಕೀಟು ಹಿಡಿದರು.

"ನನಗ ಗೋಧಿ ಆಗಂಗಿಲ್ರಿ" ಎಂದೆ.

"ಇದರಾಗ ಗೋಧಿ ಎಲ್ಲೈತ್ರಿ? ಬರೇ ಮೈದಾ!"

ಮೈದಾ ಬರುವುದೂ ಗೋಧಿಯಿಂದಲೇ ಎಂದು ತಿಳಿಸಿದೆ. ಭಾಳ ನೊಂದುಕೊಂಡರು. ಕ್ಯಾಂಟೀನಿಗೆ ಓಡಿ, ನನಗೆಂದೇ ಬಿಸಿಬಿಸಿ ರವೆ ಉಪ್ಪಿಟ್ಟು ತಂದರು.

೨. ಗಿರಣಿಯ ಸರದಿ

ಜೋಳದ ರೊಟ್ಟಿ ತಿನ್ನುವವನಿಗೆ ಏನು ಚಿಂತೆ ಎಂದುಕೊಂಡಿದ್ದೆ. ಆದರೆ ಗೋಧಿ ಬೀಸಿದ ಕಲ್ಲಿಗೇ ನಮ್ಮ ಜೋಳವೂ ಬಿದ್ದರೆ ಮತ್ತೆ ಅದೇ ಕಥೆ. ಹೆಂಡತಿ ಬೆಳಗ್ಗೆ ಗಿರಣಿ ತೆರೆಯುವ ಮೊದಲೇ ಡಬ್ಬಿ ಇಟ್ಟು, ಮೊದಲು ಒಂದು ಬೋಗುಣಿ ಅಕ್ಕಿ ಬೀಸಿಸಿ, ಆಮೇಲೆ ಜೋಳ ಹಾಕಿಸುತ್ತಾಳೆ. ಯಾಕೆ ಎಂದು ಸರದಿಯಲ್ಲಿ ನಿಂತವರಿಗೆಲ್ಲ ತೆಲುಗಿನಲ್ಲೊಮ್ಮೆ, ಹಿಂದಿಯಲ್ಲೊಮ್ಮೆ ವಿವರಿಸಿದ್ದಾಳೆ. ಈಗ ನಾನು ಆ ಓಣಿಯಲ್ಲಿ ಹಾಯ್ದರೆ ಎಲ್ಲರೂ ಮೊದಲು ನನ್ನ ತುಟಿ ನೋಡಿ, ಆಮೇಲೆ ನಮಸ್ಕಾರ ಮಾಡುತ್ತಾರೆ.

೩. ನೋಟ್‌ಬುಕ್ಕು

ಇಷ್ಟಾದರೂ ಆಗಾಗ ತುಟಿ ಊದುತ್ತಲೇ ಇತ್ತು. ತಿಂದದ್ದನ್ನೆಲ್ಲ ಬರೆದಿಡಿ ಎಂದರು ಡಾಕ್ಟರು. ಎರಡು ತಿಂಗಳಾದ ಮೇಲೆ ಹೆಂಡತಿ ನೋಟ್‌ಬುಕ್ ತಿರುವಿ ನೋಡಿದಳು. ತುಟಿ ಊದಿದ್ದೆಲ್ಲ ಅವಳ ಅವ್ವ ಊರಿನ ಆಚೆ ತುದಿಯ ಉಪ್ಪಲ್‌ನಿಂದ ಬಂದು ಅಡುಗೆ ಮಾಡಿದ ದಿನಗಳಲ್ಲೇ!

"ಹಂಗಾರ ನಿಮಗ ಆಗದಿರೋದು ಗೋಧಿ ಅಲ್ಲ, ನಮ್ಮವ್ವ!"

ಇದು ಅತ್ತೆಯ ಕಿವಿಗೆ ಬಿತ್ತು. ಅಳಿಯ ತಿನ್ನಲಾರ ಎಂದು ಹಬ್ಬಕ್ಕೆ ಹೋಳಿಗೆ ಮಾಡುವುದನ್ನೇ ಬಿಟ್ಟ ಜೀವ ಅದು. "ಇನ್ನ ನಾ ಈ ಮನ್ಯಾಗ ಒಲಿ ಮುಟ್ಟಂಗಿಲ್ಲ" ಎಂದು ಕಣ್ಣೊರೆಸಿಕೊಂಡರು. ನನಗೆ ಅನ್ನ ಸೇರಲಿಲ್ಲ. ಮದುವೆಯಾದಾಗಿನಿಂದ ಅವರ ಕೈಯ ಸಾರು ಅಂದರೆ ನನಗೆ ಪ್ರಾಣ.

ಮರುದಿನ ಅತ್ತೆ ತಮ್ಮ ಚೀಲದ ಡಬ್ಬಿಗಳನ್ನೆಲ್ಲ ಸಾಲಾಗಿ ಇಟ್ಟು ಮಗಳಿಂದ ಚೀಟಿ ಓದಿಸಿದರು. ಅವರು ಬರುವಾಗಲೆಲ್ಲ ತರುತ್ತಿದ್ದ ಇಂಗಿನ ಡಬ್ಬಿಯ ಮೇಲೆ, ಕಂಡೂ ಕಾಣದ ಅಕ್ಷರದಲ್ಲಿ, ಗೋಧಿ ಹಿಟ್ಟು!

"ಅಯ್ಯ ಶಿವನ, ಅಳಿಯಂದ್ರಿಗೆ ರುಚಿ ಆಗ್ಲಿ ಅಂತ ಒಂದು ಚಿಟಿಕಿ ಜಾಸ್ತೀನ ಹಾಕ್ತಿದ್ನಲ್ಲ!" ಎಂದು ಹಣೆ ಬಡಿದುಕೊಂಡು, ಮರುಕ್ಷಣವೇ ನೋಟ್‌ಬುಕ್ ನನ್ನ ಮುಂದಿಟ್ಟರು. "ಮದ್ಲ ಇದರಾಗ ನನ್ನ ಹೆಸರು ಚೊಕ್ಕ ಮಾಡ್ರಿ. ಆಮ್ಯಾಲೆ ಸಾರು."

ಅವರೆದುರೇ ಬರೆದು ಅಡಿಗೆರೆ ಎಳೆದೆ: 'ಇಂಗು ಬೇಡ. ಅತ್ತೆಯಿಂದ ಏನೂ ತೊಂದರೆ ಇಲ್ಲ.'

ಮುಂದಿನ ಸಲ ನೋಟ್‌ಬುಕ್ ತೋರಿಸಲು ಹೋದಾಗ ಕನ್ನಡ ಬಾರದ ಡಾಕ್ಟರು ಅದೇ ಸಾಲಿನ ಮೇಲೆ ಬೆರಳಿಟ್ಟು, ಇದೇನು ಎಂದರು. ಹಿಂದಿಯಲ್ಲಿ ಹೇಳಿದೆ. ಅವರು ನಗಲಿಲ್ಲ. "ಎಷ್ಟು ದಿನ ಪರೀಕ್ಷೆ ಮಾಡಿ ನೋಡಿದಿರಿ?" ಎಂದು ಕೇಳಿದರು.

"ಹದಿನೆಂಟು ವರ್ಷ" ಎಂದೆ.