ಅಳಿಯಂದಿರ ದ್ವೀಪ

ವನಜಮ್ಮ: ನಡ್ಕೊಂಡು ಹೋಗೋ ದ್ವೀಪ ಯಾವ ದೇಶದಲ್ಲಿದೆ ರೀ? ನಾನು ಹುಟ್ಟಿ ಬೆಳೆದ ಊರು ಇದು. ಬೇಸಿಗೇಲಿ ಇದರ ಮೇಲೆ ನಾನೇ ಎಮ್ಮೆ ಮೇಯಿಸಿದೀನಿ.

ಶಿವರಾಮಯ್ಯ: ಎಮ್ಮೆ ಮೇಯ್ದ ಮಾತ್ರಕ್ಕೆ ದ್ವೀಪ ಅಲ್ಲ ಅಂತ ಆಗೋಯ್ತೇನೇ? ದ್ವೀಪದಲ್ಲಿ ಎಮ್ಮೆ ಇರಬಾರದು ಅಂತ ಯಾವ ಶಾಸ್ತ್ರದಲ್ಲಿದೆ?

ವನಜಮ್ಮ: ಎಮ್ಮೆ ಇರಲಿ ಬಿಡಿ. ಅದು ಈಜ್ಕೊಂಡು ಹೋಗ್ತಿರಲಿಲ್ಲ. ನಡ್ಕೊಂಡು ಹೋಗ್ತಿತ್ತು.

ಮಾರ್ಕೋನಹಳ್ಳಿ ಜಲಾಶಯದ ನೀರು ಹಿಂದೆ ಸರಿದು ತೆರೆದುಕೊಂಡಿದ್ದ ಬಯಲಿನಲ್ಲಿ, ವೈಶಾಖದ ಏರುಬಿಸಿಲಿಗೆ ತಲೆಯೊಡ್ಡಿ, ಎದುರಿನ ದಿಬ್ಬವೊಂದರತ್ತ ಸಣ್ಣದೊಂದು ದಂಡಯಾತ್ರೆ ಸಾಗಿತ್ತು. ಮುಂದಾಳು ಶಿವರಾಮಯ್ಯ, ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಸ್ಟೋರ್‌ಕೀಪರ್; ಮೈಮೇಲೆ ಟೆರಿಲಿನ್ ಷರ್ಟು, ಸೊಂಟದಲ್ಲಿ ಆ ಬೆಳಗ್ಗೆ ತಾನೇ ಅತ್ತೆಯ ಮನೆಯವರು ಉಡುಗೊರೆಯಿತ್ತ, ಪಾದ ಮುಟ್ಟುವ ಬಿಳಿಯ ಪಂಚೆ. ಅವನ ಬೆನ್ನಿಗೆ ಹೆಂಡತಿ ವನಜಮ್ಮ. ಅವಳ ಕೈ ಹಿಡಿದು ಏಳು ವರ್ಷದ ಮಗಳು ಸರ್ವಮಂಗಳ. ಕಟ್ಟಕಡೆಯಲ್ಲಿ, ಒಂದು ಹೆಗಲ ಮೇಲೆ ನಾಲ್ಕು ವರ್ಷದ ಮೊಮ್ಮಗ ಗಂಗಣ್ಣನನ್ನೂ ಇನ್ನೊಂದರ ಮೇಲೆ ಗುದ್ದಲಿಯನ್ನೂ ಹೊತ್ತ ವನಜಮ್ಮನ ತಂದೆ ಹೊನ್ನಯ್ಯ. ದೇವಸ್ಥಾನವೊಂದನ್ನು ಬಿಟ್ಟರೆ ಹೊನ್ನಯ್ಯನು ಗುದ್ದಲಿಯಿಲ್ಲದೆ ಎಲ್ಲಿಗೂ ಹೋದವನಲ್ಲ.

ಮದುವೆಯಾದ ವರ್ಷದ ದೀಪಾವಳಿಯಲ್ಲಿ ಶಿವರಾಮಯ್ಯನು ಕಟ್ಟೆಯ ಮೇಲೆ ನಿಂತು ಈ ದಿಬ್ಬವನ್ನು ಕಂಡಿದ್ದನು. ಆಗ ಜಲಾಶಯವು ತುಂಬಿ, ನಾಲ್ಕು ದಿಕ್ಕಿಗೂ ನೀರು ಆವರಿಸಿ, ನಡುವೆ ದಿಬ್ಬವು ಧ್ಯಾನಕ್ಕೆ ಕುಳಿತ ಋಷಿಯಂತೆ ತೋರಿತ್ತು. ಆ ನೆನಪಿನ ಬಲದಿಂದಲೇ ಅವನು ಮಗಳಿಗೆ, ಬೇಸಿಗೆ ರಜೆಯಲ್ಲಿ ದ್ವೀಪ ತೋರಿಸುವೆನೆಂದು ಮಾತು ಕೊಟ್ಟಿದ್ದು. ಮಾತು ಕೊಡುವುದರಲ್ಲಿ ಅವನು ಎಂದೂ ಕೃಪಣನಾಗಿರಲಿಲ್ಲ. ದಸರೆಗೆ ಮೈಸೂರೆಂದನು, ತುಮಕೂರಿನ ಬಸ್ ಸ್ಟ್ಯಾಂಡಿನವರೆಗೆ ಹೋಗಿ ಬಂದರು. ಆನೆಯೆಂದನು, ಆನೆಯ ಚಿತ್ರವಿದ್ದ ಕ್ಯಾಲೆಂಡರು ಬಂತು. ಈಚೆಗೆ ಮನೆಯಲ್ಲಿ, ಆಗದ ಕೆಲಸಕ್ಕೆ ಸರ್ವಮಂಗಳ ಒಂದು ಹೆಸರಿಟ್ಟಿದ್ದಳು: "ಅದು ಅಪ್ಪ ಹೇಳಿದ್ದು." ಆ ಮಾತು ಶಿವರಾಮಯ್ಯನ ಎದೆಯಲ್ಲಿ ಕಾರೆಮುಳ್ಳಿನಂತೆ ಮುರಿದುಕೊಂಡಿತ್ತು. ಈ ಸಲ ದ್ವೀಪ ಆಗಲೇಬೇಕು.

ಶಿವರಾಮಯ್ಯ: ಮಾವನೋರೇ, ನೀವೇ ಹೇಳಿ. ಇದು ದ್ವೀಪ ಹೌದೋ ಅಲ್ಲವೋ?

ಹೊನ್ನಯ್ಯ: ಅಳಿಯಂದ್ರು ಹೇಳಿದ್ಮೇಲೆ ದ್ವೀಪನೇಯ.

ವನಜಮ್ಮ: ಅಪ್ಪಾ! ಹೋದ್ ವರ್ಷ ಇಲ್ಲಿ ಸೌತೆಬೀಜ ಹಾಕಿದ್ದು ಯಾರು?

ಹೊನ್ನಯ್ಯ: ನಾನೇ ಕಣವ್ವ. ದ್ವೀಪ ಅಂತ ಗೊತ್ತಿರ್ಲಿಲ್ಲ, ಹಾಕ್ಬುಟ್ಟೆ.

ವನಜಮ್ಮ: ನಿನ್ನೆ ರಾತ್ರಿ ಊಟಕ್ಕೆ ಕೂತಾಗ್ಲೇ ಹೇಳಬಾರದಾಗಿತ್ತಾ, ನೀರು ಇಳಿದೋಗಿದೆ, ಅದು ಬರೀ ದಿಬ್ಬ ಅಂತ?

ಹೊನ್ನಯ್ಯ: ಮನೆಗ್ ಬಂದಿರೋ ಅಳಿಯಂದ್ರ ಮಾತಿಗೆ ಇಲ್ಲ ಅನ್ನಕ್ಕಾಯ್ತದಾ ಮಗಾ? ನಾಳೆ ನಾಕ್ ಜನ ಏನಂದಾರು?

ಗಂಗಣ್ಣ: ತಾತ, ಮೊಸಳೆ ಎಲ್ಲಿ?

ಹೊನ್ನಯ್ಯ: ಮೊಸಳೆ ಐತೆ ಅಂದೋರು ಯಾರಪ್ಪ?

ಗಂಗಣ್ಣ: ಅಪ್ಪ.

ಹೊನ್ನಯ್ಯ: ಹಂಗಾದ್ರೆ ಐತೆ.

ದಾರಿಯು ಬರಬರುತ್ತ ಸಪೂರವಾಗಿ, ದಿಬ್ಬಕ್ಕೆ ತಗುಲುವಲ್ಲಿ ಒಂದು ಎತ್ತಿನಗಾಡಿ ಹಾಯುವಷ್ಟೇ ಉಳಿದಿತ್ತು. ಬಲಕ್ಕೆ ಜಲಾಶಯ, ಎಡಕ್ಕೆ, ನೀರು ಇಳಿಯುವಾಗ ಹಿಂದುಳಿದ ಮಡು, ಒಂದಿಷ್ಟು ಎತ್ತರದಲ್ಲಿ. ಆ ಕಿರುದಾರಿಯನ್ನು ದಾಟಿ ಎಲ್ಲರೂ ದಿಬ್ಬವನ್ನೇರಿದರು. ಅಲ್ಲಿ ಒಂದು ಜಾಲಿಗಿಡವಿತ್ತು. ಶಿವರಾಮಯ್ಯನು ಅದರ ಬಳಿ ನಿಂತು ಕೈ ಬೀಸಿದನು.

ಶಿವರಾಮಯ್ಯ: ನೋಡು ಮಂಗಳಾ, ದ್ವೀಪ!

ಸರ್ವಮಂಗಳಳು ಸುತ್ತಲೂ ನಿಧಾನವಾಗಿ ನೋಡಿದಳು. ಕಾರ್ಖಾನೆಯಲ್ಲಿ ಸರಕು ಪರೀಕ್ಷಿಸಲು ಬೆಂಗಳೂರಿನಿಂದ ಬರುವ ಇನ್‌ಸ್ಪೆಕ್ಟರು ಹೀಗೆಯೇ ನೋಡುತ್ತಿದ್ದುದು ಶಿವರಾಮಯ್ಯನಿಗೆ ನೆನಪಾಯಿತು.

ಸರ್ವಮಂಗಳ: ಅಪ್ಪಾ, ಮೇಷ್ಟ್ರು ಹೇಳಿದಾರೆ, ನಾಲ್ಕೂ ಕಡೆ ನೀರಿರಬೇಕು ಅಂತ. ಇಲ್ಲಿ ಮೂರು ಕಡೆ ಇದೆ.

ಶಿವರಾಮಯ್ಯ: ನಾಲ್ಕನೇ ಕಡೇನೂ ಇದೆ ಮಗಳೇ. ಮಳೆಗಾಲದಲ್ಲಿ.

ಸರ್ವಮಂಗಳ: ಮಳೆಗಾಲದಲ್ಲಿ ನಾನು ಸ್ಕೂಲಲ್ಲಿರ್ತೀನಲ್ಲ.

ಶಿವರಾಮಯ್ಯ: ಮೂರು ಕಡೆ ಇದ್ರೆ ಮುಕ್ಕಾಲು ದ್ವೀಪ ಆಗ್ಲಿಲ್ವೇ?

ಸರ್ವಮಂಗಳ: ಪಕ್ಕದಲ್ಲಿ ಕೂರೋ ಸುಶೀಲಂಗೆ ಪೂರ್ತಿ ದ್ವೀಪ ಅಂತ ಹೇಳಿದೀನಿ. (ಅಪ್ಪನ ಮುಖ ನೋಡಿ) ಪರವಾಗಿಲ್ಲ ಬಿಡಿ ಅಪ್ಪಾ. ಇದು ಅಪ್ಪ ಹೇಳಿದ್ದು ಅಂತ ಹೇಳ್ತೀನಿ.

ಅವಳು ಅತ್ತಿದ್ದರೆ ಶಿವರಾಮಯ್ಯನು ತಡೆದುಕೊಳ್ಳುತ್ತಿದ್ದನು. ಅವಳು ಅಪ್ಪನನ್ನು ಕ್ಷಮಿಸಿಬಿಟ್ಟಳು. ಅವನು ದಿಕ್ಕುಗಾಣದೆ ಆಕಾಶ ನೋಡಿದನು, ಜಾಲಿಗಿಡ ನೋಡಿದನು, ಕಡೆಗೆ ಅವನ ಕಣ್ಣು ಮಾವನ ಹೆಗಲ ಮೇಲಿನ ಗುದ್ದಲಿಯ ಮೇಲೆ ನಿಂತಿತು.

ಶಿವರಾಮಯ್ಯ: ಮಾವನೋರೇ, ಆ ದಾರಿಗೆ ಅಡ್ಡವಾಗಿ ಒಂದು ಕಾಲುವೆ ತೋಡಿದ್ರೆ, ಮಡುವಿನ ನೀರು ಈ ಕಡೆಗೆ ಹರಿಯಲ್ವೇ?

ಹೊನ್ನಯ್ಯ: ಹರೀದೇ ಏನು, ಅಳಿಯಂದ್ರೆ. ಚೆನ್ನಾಗಿ ಹರಿತದೆ.

ವನಜಮ್ಮ: ಅಪ್ಪಾ, ಬೇಡ.

ಹೊನ್ನಯ್ಯ: ಅಳಿಯಂದ್ರು ಬಾಯ್ಬುಟ್ಟು ಕೇಳವ್ರೆ ಕಣವ್ವ. ಮದ್ವೇಲಿ ಸೈಕಲ್ ಬೇಕು ಅಂತ ಕೂಡ ಕೇಳಿರ್ಲಿಲ್ಲ.

ಹೊನ್ನಯ್ಯನು ಮೊಮ್ಮಗನನ್ನು ಇಳಿಸಿ, ತಲೆಗೆ ಟವೆಲು ಸುತ್ತಿ, ಗದ್ದೆಯ ಬದುವಿಗಿಂತ ಅಚ್ಚುಕಟ್ಟಾಗಿ ತೋಡತೊಡಗಿದನು. ಕಡೆಯ ಹೆಂಟೆ ಎತ್ತಿದೊಡನೆ ಮಡುವಿನ ನೀರು ಒಮ್ಮೆ ಇಣುಕಿ, ಯೋಚಿಸಿ, ಆಮೇಲೆ ಯಾವ ಯೋಚನೆಯೂ ಇಲ್ಲದೆ ನುಗ್ಗಿತು. ಮೆತ್ತನೆಯ ಮಣ್ಣು ಇಕ್ಕೆಲದಲ್ಲೂ ಕುಸಿಯಿತು. ನೋಡುನೋಡುತ್ತ ಕಾಲುವೆಯು ಹೊನ್ನಯ್ಯನ ಕೈಮೀರಿ ಹಳ್ಳವಾಯಿತು. ಸರ್ವಮಂಗಳಳು ಚಪ್ಪಾಳೆ ತಟ್ಟಿದಳು.

ಸರ್ವಮಂಗಳ: ನಾಲ್ಕೂ ಕಡೆ! ಅಪ್ಪಾ, ನಾಲ್ಕೂ ಕಡೆ ನೀರು!

ಶಿವರಾಮಯ್ಯ: (ಹೆಂಡತಿಯತ್ತ ತಿರುಗಿ) ಈಗೇನಂತೀಯ?

ವನಜಮ್ಮ: ನಾನೇನನ್ನಲಿ? ದ್ವೀಪವೇ. ಮನೆಗೆ ಹೋಗೋದು ಹೆಂಗೆ?

ಶಿವರಾಮಯ್ಯನು ಮಾವನ ಮುಖ ನೋಡಿದನು.

ಹೊನ್ನಯ್ಯ: ಅದ್ರ ಬಗ್ಗೆ ಅಳಿಯಂದ್ರು ಏನೂ ಹೇಳ್ನಿಲ್ಲ.

ಹೊನ್ನಯ್ಯನು ಚಡ್ಡಿಯ ಅಂಚು ಮಡಿಸಿ ಇಳಿದನು. ನೀರು ಮಂಡಿಯ ಮೇಲಕ್ಕೆ ಬಂತು. ಮೊಮ್ಮಕ್ಕಳನ್ನು ಒಬ್ಬೊಬ್ಬರಾಗಿ ಹೊತ್ತು ದಾಟಿಸಿದನು. ವನಜಮ್ಮ ಸೀರೆಯನ್ನು ಎತ್ತಿ ಸಿಕ್ಕಿಸಿ, ಎಮ್ಮೆ ಕಾಯ್ದ ಕಾಲದ ಹೆಜ್ಜೆಯನ್ನು ಮರೆಯದವಳಾಗಿ, ಸರಸರನೆ ದಾಟಿದಳು. ಶಿವರಾಮಯ್ಯನು ಪಂಚೆಯನ್ನು ಎತ್ತಿ ಕಟ್ಟಲೆಂದು ಬಾಗಿದನು. ಅಷ್ಟರಲ್ಲಿ ದಡದ ಮೇಲೆ ಅತ್ತೆ ರಂಗಮ್ಮ ಕಾಣಿಸಿಕೊಂಡಳು. ಶಿವರಾಮಯ್ಯನು ಪಂಚೆಯನ್ನು ಬಿಟ್ಟು ನೆಟ್ಟಗೆ ನಿಂತನು.

ಮದುವೆಯಾಗಿ ಇಷ್ಟು ವರ್ಷವಾದರೂ ರಂಗಮ್ಮ ಅಳಿಯನೊಡನೆ ನೇರವಾಗಿ ಮಾತನಾಡಿದವಳಲ್ಲ. ಅಡುಗೆಮನೆಯ ಬಾಗಿಲ ಮರೆಯಲ್ಲಿ ನಿಂತು, ಮಗಳ ಮೂಲಕವೇ ಹೇಳುವುದು, ಮಗಳ ಮೂಲಕವೇ ಕೇಳುವುದು. ಅಂಥವಳ ಎದುರಿನಲ್ಲಿ ಅಳಿಯನಾದವನು ಮಂಡಿಯ ಮೇಲಕ್ಕೆ ಪಂಚೆ ಎತ್ತುವುದೆಂದರೆ! ಶಿವರಾಮಯ್ಯನು ಜಾಲಿಗಿಡದ ತೊಗಟೆಯನ್ನು ಆಸಕ್ತಿಯಿಂದ ಪರೀಕ್ಷಿಸತೊಡಗಿದನು.

ರಂಗಮ್ಮ: ಅವರಿಗೆ ಹೇಳೇ ವನಜ, ಎಲೆ ಹಾಕಿದ್ದಾಯ್ತು, ಒಬ್ಬಟ್ಟು ಆರೋಯ್ತದೆ.

ವನಜಮ್ಮ: (ಕಾಲುವೆಯಾಚೆಗೆ ಕೂಗಿ) ರೀ, ಒಬ್ಬಟ್ಟು ಆರೋಗುತ್ತಂತೆ!

ಶಿವರಾಮಯ್ಯ: ಬರ್ತೀನಿ ಅಂತ ಹೇಳು. ದ್ವೀಪ ಸ್ವಲ್ಪ ನೋಡೋದಿದೆ.

ವನಜಮ್ಮ: ದ್ವೀಪ ನೋಡೋದಿದೆಯಂತೆ ಅವ್ವ. ಒಂದು ಜಾಲಿಗಿಡ ಇದೆ, ಅದನ್ನ ಎಲ್ಲಾ ಕಡೆಯಿಂದ ನೋಡ್ಬೇಕಂತೆ.

ರಂಗಮ್ಮ: ಅವರು ಉಣ್ಣದೆ ಮನೇಲಿ ಯಾರೂ ಉಣ್ಣಂಗಿಲ್ಲ ಅಂತ ಹೇಳೇ. ನಿಮ್ಮಪ್ಪ ಬೆಳಗ್ಗೆಯಿಂದ ಬರೀ ಹೊಟ್ಟೇಲವ್ರೆ.

ವನಜಮ್ಮ: ರೀ, ನೀವು ಉಣ್ಣದೆ ಯಾರೂ ಉಣ್ಣಲ್ಲವಂತೆ!

ಶಿವರಾಮಯ್ಯ: ಅತ್ತೆಯವರು ಮುಂದೆ ನಡೀಲಿ ಅಂತ ಹೇಳು. ನಾನು ಹಿಂದೇನೇ ಬರ್ತೀನಿ.

ವನಜಮ್ಮ: ನೀನು ನಡೀಬೇಕಂತೆ ಅವ್ವ.

ರಂಗಮ್ಮ: ಅಳಿಯಂದ್ರಿಗೆ ಬೆನ್ನು ತೋರ್ಸ್ಕೊಂಡು ಹೋಗ್ಲೇನೇ? ನನಗೇನು ಬುದ್ಧಿ ಕೆಟ್ಟದೆಯಾ? ಅವರು ಬರೋಗಂಟ ನಾನಿಲ್ಲೇ ನಿಂತಿರ್ತೀನಿ ಅಂತ ಹೇಳು.

ವನಜಮ್ಮ: (ಗಂಡನ ಇಕ್ಕಟ್ಟನ್ನು ಮೊದಲ ಮಾತಿನಲ್ಲೇ ಅರಿತಿದ್ದರೂ, ಮುಖದಲ್ಲಿ ಏನನ್ನೂ ತೋರದೆ) ರೀ, ಅವ್ವ ಇಲ್ಲೇ ನಿಂತಿರ್ತಾರಂತೆ. ನೀವು ನಿಧಾನಕ್ಕೆ ನೋಡಬೇಕಂತೆ.

ಶಿವರಾಮಯ್ಯ: ವನಜಾ, ಇದು ಅಂಥಾ ದ್ವೀಪ ಏನಲ್ಲ ಕಣೇ. ನೀನು ಹೇಳಿದ್ದೇ ಸರಿ. ಬರೀ ದಿಬ್ಬ.

ವನಜಮ್ಮ: ಅದ್ಹೆಂಗೆ? ನಾಲ್ಕೂ ಕಡೆ ನೀರಿದೆಯಲ್ಲ.

ಹೊನ್ನಯ್ಯ: ಅಳಿಯಂದ್ರೆ, ಬನ್ನಿ, ಹೆಗಲ ಮೇಲೆ ಕೂರುಸ್ಕೊಂಡು ದಾಟಿಸ್ಬುಡ್ತೀನಿ.

ಶಿವರಾಮಯ್ಯ: ಅಯ್ಯೋ, ಬೇಡಿ ಮಾವನೋರೇ!

ಬಿಸಿಲು ನೆತ್ತಿಗೇರಿತು. ಅಳಿಯನು ದ್ವೀಪ ಬಿಡುವಂತಿಲ್ಲ. ಅತ್ತೆಯು ದಡ ಬಿಡುವಂತಿಲ್ಲ. ಮರ್ಯಾದೆಯೆಂಬುದು ಇಬ್ಬರನ್ನೂ ನಿಂತಲ್ಲೇ ನೆಟ್ಟಿತ್ತು. ಗಂಗಣ್ಣನು ಹಸಿವೆಂದು ರಾಗ ತೆಗೆದನು. ಸರ್ವಮಂಗಳಳು ಅಪ್ಪನನ್ನೂ ಅಜ್ಜಿಯನ್ನೂ ಒಂದೆರಡು ಸಲ ತಿರುತಿರುಗಿ ನೋಡಿ, ವಿಷಯವನ್ನು ಬಿಡಿಸಿ ಹೇಳಿದಳು.

ಸರ್ವಮಂಗಳ: ಅಜ್ಜೀ, ಅಪ್ಪಂಗೆ ನೀವಿರೋದಕ್ಕೆ ಪಂಚೆ ಎತ್ತಕ್ಕೆ ನಾಚ್ಕೆ.

ಶಿವರಾಮಯ್ಯನಿಗೆ, ಜಾಲಿಗಿಡವು ಇನ್ನಷ್ಟು ದಪ್ಪವಾಗಿರಬೇಕಿತ್ತು ಅನ್ನಿಸಿತು. ರಂಗಮ್ಮ ಸೆರಗನ್ನು ತಲೆಯ ಮೇಲಿಂದ ಗಲ್ಲದವರೆಗೆ ಎಳೆದುಕೊಂಡಳು.

ರಂಗಮ್ಮ: (ಸೆರಗಿನೊಳಗಿಂದ) ಬರ್ಬೌದು ಅಂತ ಹೇಳೇ.

ಶಿವರಾಮಯ್ಯನು ಚಪ್ಪಲಿಯನ್ನು ಕೈಯಲ್ಲಿ ಹಿಡಿದು, ಪಂಚೆಯನ್ನು ಎತ್ತಿಕಟ್ಟಿ, ಕುಲದೇವರನ್ನು ನೆನೆದು ನೀರಿಗಿಳಿದನು. ಮೊದಲ ಹೆಜ್ಜೆ ಗಟ್ಟಿಯಾಗಿ ಊರಿತು. ಎರಡನೆಯದು ಊರಿದಂತೆ ನಟಿಸಿತು. ಆಮೇಲೆ ಅವನು ಬಿದ್ದನೆಂದು ಹೇಳುವುದು ಪೂರ್ತಿ ನಿಜವಾಗದು. ಯಾವ ಆತುರವೂ ಇಲ್ಲದೆ, ಸಭೆಯಲ್ಲಿ ಆಸನ ತೋರಿಸಿದವರಿಗೆ ಮನ್ನಣೆ ಕೊಡುವಂತೆ, ನಡುಹಳ್ಳದಲ್ಲಿ ಕುಳಿತನು. ಕೆಸರು ನೀರು ಎದೆಯವರೆಗೆ ಬಂತು. ಉಡುಗೊರೆಯ ಪಂಚೆ ಕಟ್ಟು ಸಡಿಲಿ ಸುತ್ತಲೂ ತಾವರೆಯೆಲೆಯಂತೆ ಹರಡಿಕೊಂಡಿತು.

ಗಂಗಣ್ಣ: ಮೊಸಳೆ!

ರಂಗಮ್ಮ: (ಸೆರಗಿನೊಳಗಿಂದ) ದಾಟಿದ್ರಾ ಕೇಳೇ.

ವನಜಮ್ಮ: ಇಲ್ಲ ಅವ್ವ. ಕೂತಿದ್ದಾರೆ.

ರಂಗಮ್ಮ: ಅಯ್ಯೋ, ಎಲ್ಲಿ?

ವನಜಮ್ಮ: ನಾಲ್ಕನೇ ಕಡೇಲಿ.

ಹೊನ್ನಯ್ಯನು ಒಂದು ಗಳಿಗೆ ನೋಡಿದನು. ಬಳಿಕ ಗುದ್ದಲಿಯನ್ನು ಊರಿಕೊಂಡು ನೀರಿಗಿಳಿದು, ಅಳಿಯನ ಪಕ್ಕದಲ್ಲಿ, ಒಂದು ಗೇಣು ಹಿಂದಕ್ಕೆ ಸರಿದು, ತಾನೂ ಕುಳಿತನು.

ವನಜಮ್ಮ: ಅಪ್ಪಾ! ನಿನಗೇನಾಯ್ತು?

ಹೊನ್ನಯ್ಯ: ಅಳಿಯಂದ್ರು ಕೂತಿರುವಾಗ ನಾನು ನಿಂತ್ಕೊಂಡಿದ್ರೆ ಚೆಂದಾಗಿರ್ತದಾ ಮಗಾ?

ಶಿವರಾಮಯ್ಯನು ಮಗಳ ಮುಖ ನೋಡಲು ಅಂಜಿ, ತೇಲಿಹೋಗುತ್ತಿದ್ದ ತನ್ನ ಒಂಟಿ ಚಪ್ಪಲಿಯನ್ನೇ ನೋಡುತ್ತಿದ್ದನು. ಸರ್ವಮಂಗಳಳು ನೀರಿನ ಅಂಚಿಗೆ ಬಂದು ಕುಕ್ಕುರುಗಾಲಿನಲ್ಲಿ ಕುಳಿತಳು.

ಸರ್ವಮಂಗಳ: ಅಪ್ಪಾ, ಇದು ನಿಜವಾದ ದ್ವೀಪ. ಸುಶೀಲಂಗೆ ಹೇಳ್ತೀನಿ, ನಮ್ಮಪ್ಪ ಹೇಳಿದ್ದೇ ಆಯ್ತು ಅಂತ. ವಾಪಸ್ ಬರಕ್ಕೇ ಆಗಲಿಲ್ಲ ಅಂತ.

ಎದೆಯಲ್ಲಿ ಇಷ್ಟು ದಿನ ಮುರಿದುಕೊಂಡಿದ್ದ ಮುಳ್ಳು ಸದ್ದಿಲ್ಲದೆ ಹೊರಬಂತು. ಕೆಸರಿನೊಳಗೆ ಕುಳಿತೇ ಶಿವರಾಮಯ್ಯನ ಎದೆ ಅರಳಿತು. ಅರಳಿದ ಎದೆಯಿಂದ ಮಾತು ಹೊರಡುವುದನ್ನು ತಡೆಯಲು ಅವನಿಗೆ ಎಂದೂ ಸಾಧ್ಯವಾಗಿರಲಿಲ್ಲ.

ಶಿವರಾಮಯ್ಯ: ಇದೇನು ಮಹಾ ಮಗಳೇ! ಬರೋ ವರ್ಷ ನಿನಗೆ ಸಮುದ್ರ ತೋರಿಸ್ತೀನಿ!

ವನಜಮ್ಮ ತಲೆಯ ಮೇಲೆ ಕೈಯಿಟ್ಟುಕೊಂಡಳು. ಸೆರಗಿನೊಳಗಿಂದ ಒಂದು ನಿಟ್ಟುಸಿರು ಕೇಳಿತು. ಹೊನ್ನಯ್ಯನು ಕೆಸರಿನಲ್ಲಿ ಕೈಯಾಡಿಸಿ, ಮುಳುಗಿದ್ದ ಗುದ್ದಲಿಯನ್ನು ಹುಡುಕಿ ಮೇಲೆತ್ತಿದನು.

ಹೊನ್ನಯ್ಯ: ಎಲ್ಲಿ ತೋಡ್ಲಿ, ಅಳಿಯಂದ್ರೆ?