ಶಂಕ್ರೆಪ್ಪನ ದೊಡ್ಡ ಮನಸ್ಸು

ಶಂಕ್ರೆಪ್ಪ ಕುರ್ಚಿಯ ಮೇಲೆ ಕೂಡುವುದನ್ನು ಬಿಟ್ಟು ಮೂರು ವಾರವಾಗಿತ್ತು. ಬಸವನ ಬಾಗೇವಾಡಿಯ ಒಂದು ಹೈಸ್ಕೂಲಿನಲ್ಲಿ ಅವನು ಕ್ಲಾರ್ಕ. ಇಪ್ಪತ್ತು ವರ್ಷ ಕೂತೇ ಪಗಾರ ತೆಗೆದುಕೊಂಡ ಮನುಷ್ಯ ಈಗ ನಿಂತೇ ದಾಖಲೆ ಬರೆಯುತ್ತಿದ್ದ, ನಿಂತೇ ಊಟ ಮಾಡುತ್ತಿದ್ದ, ಬಸ್ಸಿನಲ್ಲಿ ಸೀಟು ಖಾಲಿಯಿದ್ದರೂ ಕಂಬ ಹಿಡಿದು ನಿಲ್ಲುತ್ತಿದ್ದ. ಕೇಳಿದವರಿಗೆ "ಕುಂತು ಕುಂತು ಹೊಟ್ಟಿ ಬಂದೈತ್ರಿ, ಅದಕ್ಕ" ಎನ್ನುತ್ತಿದ್ದ. ನಿಜವಾದ ಕಾರಣ ಮೂಲವ್ಯಾಧಿ. ಅದು ಹೆಂಡತಿ ಸುರೇಖಾಳ ಹೊರತು ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾಗಬಾರದೆಂದೇ ಅವನು ಊರಿನ ಡಾಕ್ಟರರನ್ನು ಬಿಟ್ಟು, ಎರಡು ಬಸ್ಸು ಬದಲಿಸಿ, ನಿಂಬೆಗೆ ಹೆಸರಾದ ಇಂಡಿ ಊರಿನ ಒಬ್ಬ ಸರ್ಜನ್ನರಿಗೆ ತೋರಿಸಿ ಬಂದಿದ್ದ. ನೆಪಕ್ಕೊಂದು ಚೀಲ ನಿಂಬೆಹಣ್ಣನ್ನೂ ಹೊತ್ತು ತಂದಿದ್ದ. ಸರ್ಜನ್ನರು ಹೇಳಿದ್ದು ಇಷ್ಟು: "ಆಪರೇಶನ್ ಹತ್ತು ಮಿನಿಟಿಂದು. ಆದ್ರ ನಿಮಗ ನಲವತ್ತಾರು ವಯಸ್ಸು, ತಂಬಾಕು ತಿಂತೀರಿ, ಅಪ್ಪಗ ಸಕ್ಕರಿ ಕಾಯಿಲೆ ಇತ್ತು, ಅಣ್ಣಗ ಹಾರ್ಟಿನ ತ್ರಾಸ ಐತಿ ಅಂತೀರಿ. ರೋಗ ಸಣ್ಣದ್ರಿ, ಅದರ ಸುತ್ತ ಇರೋ ಅಪಾಯ ದೊಡ್ಡದು. ಎಲ್ಲಾ ತಪಾಸಣಿ ಮಾಡಿಸ್ಕೊಂಡು ಬುಧವಾರ ಬರ್ರಿ."

ಹೀಗಾಗಿ ಸೋಮವಾರ ಮುಂಜಾನೆ ಏಳಕ್ಕೇ, ಖಾಲಿ ಹೊಟ್ಟೆಯಲ್ಲಿ, ಶಂಕ್ರೆಪ್ಪ ಬಸ್ ನಿಲ್ದಾಣದ ಹಿಂದಿನ ಜಾಹಿದನ ಲ್ಯಾಬಿಗೆ ಹೋದ. ಆ ಹೊತ್ತಿಗೆ ಪರಿಚಯದವರು ಯಾರೂ ಇರಲಾರರೆಂದು ಅವನ ಲೆಕ್ಕ. ಆದರೆ ಅವನದೇ ಶಾಲೆಯ ಪಿ.ಟಿ. ಮಾಸ್ತರ ದುಂಡೇಶ ತನ್ನ ಸಕ್ಕರೆ ತಪಾಸಣೆಗೆ ಆಗಲೇ ಬಂದು ಕೂತಿದ್ದ. ಊರಿನ ಸುದ್ದಿ ದುಂಡೇಶನ ಕಿವಿಗೆ ಬಿದ್ದರೆ ಸಾಕು, ಅವನು ಊದುವ ಸೀಟಿಗಿಂತ ದೂರ ಕೇಳಿಸುತ್ತಿತ್ತು. ಶಂಕ್ರೆಪ್ಪ ಅಂಗಿಯ ತೋಳು ಮಡಚಿ ರಕ್ತ ಕೊಡುತ್ತಿರುವಾಗ ದುಂಡೇಶ ಮೇಜಿನ ಮೇಲಿದ್ದ ಅವನ ತಪಾಸಣೆಯ ಚೀಟಿಯನ್ನು ಎತ್ತಿ ಓದತೊಡಗಿದ.

"ಕಿಡ್ನಿ ತಪಾಸಣಿ, ರಕ್ತದ ಗುಂಪು, ಎದಿ ಎಕ್ಸ್‌ರೇ, ಇ.ಸಿ.ಜಿ. ಏನ್ರಿ ಶಂಕ್ರೆಪ್ಪಾರ, ಇಷ್ಟೆಲ್ಲಾ ಯಾಕ?"

"ಹಂಗ ಸುಮ್ನ."

"ಸುಮ್ನ ಯಾರಾದ್ರೂ ಕಿಡ್ನಿ ತಪಾಸ ಮಾಡಿಸ್ತಾರೇನ್ರಿ?"

ಶಂಕ್ರೆಪ್ಪ ಅತ್ತಿತ್ತ ನೋಡಿ ಪಿಸುಗುಟ್ಟಿದ. "ಮಾಸ್ತರ, ಇದು ಮರ್ಯಾದಿ ಪ್ರಶ್ನಿ. ಬುಧವಾರ ಆಪರೇಶನ್ ಐತಿ. ದಯಮಾಡಿ ಯಾರಿಗೂ ಹೇಳಬ್ಯಾಡ್ರಿ."

ದುಂಡೇಶ ಚೀಟಿಯನ್ನು ಮೇಜಿನ ಮೇಲೆ ಇಟ್ಟ. ಅವನ ಕಣ್ಣು ತುಂಬಿಬಂತು. ಶಂಕ್ರೆಪ್ಪನ ಕೈಯನ್ನು ಎರಡೂ ಕೈಯಿಂದ ಹಿಡಿದ. "ತಿಳೀತ್ರಿ. ಏನೂ ಹೇಳಬ್ಯಾಡ್ರಿ. ನಿಮ್ಮದು ದೊಡ್ಡ ಮನಸ್ಸು."

ಮೂಲವ್ಯಾಧಿಗೆ ಇಷ್ಟು ಮರುಗುವ ಮನುಷ್ಯನನ್ನು ಶಂಕ್ರೆಪ್ಪ ನೋಡಿರಲಿಲ್ಲ. ದುಂಡೇಶನ ತಲೆಯಲ್ಲಿ ಓಡಿದ್ದೇ ಬೇರೆ ಎಂಬುದು ಅವನಿಗೆ ಗೊತ್ತಾಗುವ ಬಗೆಯಿರಲಿಲ್ಲ. ಹೆಡ್‌ಮಾಸ್ತರ ಸಿದ್ಧರಾಮ ಸರ್ ಕಿಡ್ನಿ ತ್ರಾಸವೆಂದು ರಜೆ ಹಾಕಿ ಹದಿನೈದು ದಿನವಾಗಿತ್ತು. ಅವರ ಎರಡೂ ಕಿಡ್ನಿ ಹೋಗಿವೆ, ಯಾರಾದರೂ ಒಂದು ಕೊಟ್ಟರೆ ಮಾತ್ರ ಉಳಿಯುತ್ತಾರೆ ಎಂಬಲ್ಲಿಗೆ ಊರಿನ ಸುದ್ದಿ ಬಂದು ಮುಟ್ಟಿತ್ತು.

ಹತ್ತೂವರೆಗೆ ಶಂಕ್ರೆಪ್ಪ ಶಿಕ್ಷಕರ ಕೋಣೆಗೆ ಕಾಲಿಟ್ಟಾಗ ಎಲ್ಲರೂ ಎದ್ದು ನಿಂತರು. ತಾನು ಕೂಡುವುದಿಲ್ಲವೆಂದು ಇವರೂ ಕೂಡುವುದನ್ನು ಬಿಟ್ಟರೇ ಎಂದು ಅವನು ಯೋಚಿಸುವಷ್ಟರಲ್ಲಿ ದುಂಡೇಶ ಹೆಡ್‌ಮಾಸ್ತರರ ಕುರ್ಚಿಯನ್ನೇ ಎಳೆದು ತಂದ. "ಇವತ್ತು ನೀವು ನಿಂದರಬಾರದು" ಎಂದು ನಾಲ್ಕು ಜನ ಸೇರಿ, ಹೊಸ ಎತ್ತಿಗೆ ನೊಗ ಹೂಡುವವರಂತೆ ಹೆಗಲು ಒತ್ತಿ ಕೂಡಿಸಿಯೇ ಬಿಟ್ಟರು. ಶಂಕ್ರೆಪ್ಪನ ಕಣ್ಣಿಂದ ನೀರು ದಳದಳ ಇಳಿಯಿತು.

"ನೋಡ್ರಿ, ಎಷ್ಟು ಮೆದು ಜೀವ" ಎಂದ ದುಂಡೇಶ.

ವಿಜ್ಞಾನ ಕಲಿಸುವ ಸುನೀತಾ ಟೀಚರ್ ಸಮಾಧಾನ ಹೇಳಿದರು. "ಅಂಜಬ್ಯಾಡ್ರಿ ಅಣ್ಣಾರ. ಒಂದು ಕಿಡ್ನಿ ಮ್ಯಾಲೂ ಮನುಷ್ಯಾ ಆರಾಮ ಬದುಕ್ತಾನ."

"ಯಾರ ಕಿಡ್ನಿರಿ?"

"ನಿಮ್ಮದು. ಹೆಡ್‌ಮಾಸ್ತರಗ ಕೊಡಾಕತ್ತೀರಲ್ಲ."

ಶಂಕ್ರೆಪ್ಪ ನೋವನ್ನೂ ಮರೆತು ಎದ್ದ. "ಯಾರು ಹೇಳಿದ್ರು? ನಾ ಯಾರಿಗೂ ಏನೂ ಕೊಡಾಕತ್ತಿಲ್ರಿ."

"ಹಂಗಾರ ಆಪರೇಶನ್ ಯಾತರದು?"

ಕೋಣೆಯಲ್ಲಿ ಆರು ಜನ ಮಹಿಳೆಯರಿದ್ದರು. ಉತ್ತರ ಶಂಕ್ರೆಪ್ಪನ ಗಂಟಲಿನವರೆಗೆ ಬಂದು, ಅವರ ಮುಖ ನೋಡಿ ತಿರುಗಿ ಒಳಗೆ ಹೋಯಿತು. ಎಲ್ಲರೂ ಪರಸ್ಪರ ನೋಡಿ ತಲೆಯಾಡಿಸಿದರು.

ಮಧ್ಯಾಹ್ನದ ಊಟದ ಗಂಟೆಗೆ ಸರಿಯಾಗಿ ಸುರೇಖಾ ಬಂದಳು. ಗಂಡನನ್ನು ವರಾಂಡದ ಮೂಲೆಗೆ ಕರೆದು ನಿಲ್ಲಿಸಿದಳು.

"ನನ್ನ ಮುಂದ ಒಂದು ಹೇಳಿ, ಊರ ಮುಂದ ಒಂದು ಮಾಡಾಕತ್ತೀರೇನ್ರಿ?"

"ನಿನ್ನ ಮುಂದ ಹೇಳಿದ್ದ ಖರೆ ಐತಿ."

"ಖರೆ ಇದ್ರ, ಆ ರೋಗಕ್ಕ ಯಾರಾರ ಎದಿ ಫೋಟೊ ತಗಸ್ತಾರೇನು?"

"ಡಾಕ್ಟರ್ ರಿಸ್ಕ್ ಐತಿ ಅಂದಾರ."

"ತಳದ ರೋಗಕ್ಕ ಎದ್ಯಾಗ ಎಂಥಾ ರಿಸ್ಕು? ನಾ ಸಾಲಿ ಕಲ್ತಿಲ್ಲ ಅಂತ ಏನ್ ಹೇಳಿದ್ರೂ ನಂಬ್ತೇನಂತ ತಿಳದೀರೇನು? ನಾ ಬ್ಯಾಡ ಅಂತೇನಂತ ಮೂಲವ್ಯಾಧಿ ನೆವಾ ಮಾಡೀರಿ." ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕೊಡೂದು ಪುಣ್ಯಾದ ಕೆಲಸ, ನಾ ಯಾಕ ಅಡ್ಡ ಬರ್ಲಿ. ಆದ್ರ ಒಂದು ಮಾತು ಕೇಳಬೇಕಿತ್ತು."

ಅವಳು ಬುತ್ತಿ ಗಂಟನ್ನು ಅವನ ಕೈಗಿಟ್ಟು ಹೋದಳು. ಜಗಳವಾಡಿದ್ದರೆ ಶಂಕ್ರೆಪ್ಪ ತಡೆದುಕೊಳ್ಳುತ್ತಿದ್ದ. ಹೆಂಡತಿ ಒಪ್ಪಿಗೆ ಕೊಟ್ಟದ್ದು ಅವನನ್ನು ಹೆದರಿಸಿತು.

ಮೂರು ಗಂಟೆಗೆ ಅವನು ಊರಿನ ಚೇತನಕುಮಾರ ಡಾಕ್ಟರರ ಬಳಿ, ರೋಗದ ಹೆಸರು ಹೇಳದೆ, ಬರೀ ಬಿ.ಪಿ. ನೋಡಿಸಲು ಹೋದ. ರಕ್ತ, ಎಕ್ಸ್‌ರೇ, ಇ.ಸಿ.ಜಿ. ಎಲ್ಲ ಸರಿಯಿದ್ದವು. ಡಾಕ್ಟರು ತೋಳಿಗೆ ಪಟ್ಟಿ ಸುತ್ತಿ ಗಾಳಿ ಹೊಡೆದರು, ಹುಬ್ಬೇರಿಸಿದರು, ಇನ್ನೊಮ್ಮೆ ಹೊಡೆದರು.

"ನೂರಾ ಎಂಬತ್ತು ಐತಲ್ರಿ. ಇದರ ಮ್ಯಾಲ ಯಾವ ಆಪರೇಶನ್ನೂ ಆಗೂದಿಲ್ಲ. ಎಂಟು ದಿನ ಗುಳಿಗಿ ತಗೋರಿ, ಇಳಿದ ಮ್ಯಾಲ ನೋಡೂಣು. ತಲಿಗೆ ಏನೂ ಹಚ್ಕೋಬ್ಯಾಡ್ರಿ."

ತಲೆಗೆ ಹಚ್ಚಿಕೊಳ್ಳುವಂಥದ್ದು ದವಾಖಾನೆಯ ಮೆಟ್ಟಿಲ ಮೇಲೇ ಕಾದಿತ್ತು. ಹೆಡ್‌ಮಾಸ್ತರರ ಹೆಂಡತಿ ದಾನೇಶ್ವರಿ ಅವನನ್ನು ಕಂಡವಳೇ ಬಾಗಿ ಕಾಲು ಮುಟ್ಟಿದಳು.

"ಅಣ್ಣಾರ, ನಮ್ಮವರು ಒಬ್ಬರ ದವಾಖಾನಿಗೆ ಹೋಗಿ ಬಂದವರು, ಹದಿನೈದು ದಿನದಿಂದ ಬಾಗಲಾ ಹಾಕ್ಕೊಂಡು ಮಲಗ್ಯಾರ. ನನಗೂ ಒಂದು ರಿಪೋರ್ಟ ತೋರ್ಸಂಗಿಲ್ಲ. ಎಷ್ಟು ಕೆಟ್ಟೈತೋ ಏನೋ ಅಂತ ದಿನಾ ಅಳಾಕತ್ತಿದ್ದೆ. ನೀವು ಒಡಹುಟ್ಟಿದವರಿಗಿಂತ ಹೆಚ್ಚಾದ್ರಿ."

ಶಂಕ್ರೆಪ್ಪ ಕಾಲು ಹಿಂದಕ್ಕೆ ಎಳೆದುಕೊಂಡ. ಇಷ್ಟು ಹೊತ್ತು ಹೋಗುತ್ತಿದ್ದುದು ತನ್ನ ಮಾನ ಮಾತ್ರ, ಈಗ ಒಬ್ಬ ಹೆಣ್ಣುಮಗಳ ಆಸೆ ತನ್ನ ಸುಳ್ಳಿಗೆ ಜೋತುಬಿದ್ದಿದೆ. ಅವಳು ತನ್ನನ್ನೇ ನಂಬಿ ಬೇರೆ ದಾರಿ ಹುಡುಕದೆ ಕೂತರೆ ಸಿದ್ಧರಾಮ ಸರ್ ಗತಿಯೇನು? ಮಾನ ಹೋದರೆ ಹೋಗಲಿ, ಸತ್ಯವನ್ನು ಎಲ್ಲರೆದುರು ಹೇಳಿಯೇ ತೀರಬೇಕು ಎಂದು ನಿಶ್ಚಯಿಸಿ ಅವನು ಶಾಲೆಯ ದಾರಿ ಹಿಡಿದ.

ಎಲ್ಲರೂ ಅಲ್ಲೇ ಇದ್ದರು. ದುಂಡೇಶ ಸಂಜೆಯ ಹೊತ್ತಿಗೆ ಮೈದಾನದಲ್ಲಿ ಮೈಕು ಕಟ್ಟಿಸಿ, ಶಾಲು ತರಿಸಿ, ಓಣಿಯ ಜನರನ್ನೆಲ್ಲ ಕರೆಸಿದ್ದ. ಶಾಲು ಹೊದೆಸಲು ಬಂದವರನ್ನು ಸರಿಸಿ ಶಂಕ್ರೆಪ್ಪ ಮೈಕು ಹಿಡಿದ. ಕಣ್ಣು ಮುಚ್ಚಿಕೊಂಡ.

"ಕೇಳ್ರಿ. ನಾ ಯಾರಿಗೂ ಕಿಡ್ನಿ ಕೊಡಾಕತ್ತಿಲ್ಲ. ನನಗ ಮೂಲವ್ಯಾಧಿ ಐತಿ. ಅದರ ಆಪರೇಶನ್ ಸಲುವಾಗಿ ತಪಾಸಣಿ ಮಾಡ್ಸೇನಿ."

ದುಂಡೇಶ ಮೆಲ್ಲಗೆ ಬಂದು ಮೈಕು ತೆಗೆದುಕೊಂಡ.

"ಕೇಳಿದ್ರಿ? ಖರೇನ ಮೂಲವ್ಯಾಧಿ ಇದ್ದವ ಯಾವನಾದ್ರೂ ಮೈಕಿನಾಗ ಹೇಳ್ತಾನೇನ್ರಿ? ಮಾಡಿದ ದಾನ ಮುಚ್ಚಿಡಾಕ ಈ ಮನುಷ್ಯಾ ತನ್ನ ಮಾನಾನ ತಾನ ಕಳಕೊಳ್ಳಾಕ ನಿಂತಾನ. ಇಂಥಾವರು ಎಲ್ಲಿ ಸಿಗ್ತಾರ?"

ಚಪ್ಪಾಳೆ ತಗಡಿನ ಮೇಲೆ ಆಲಿಕಲ್ಲು ಬಿದ್ದಂತೆ ಬಿತ್ತು. ಮುದುಕಿಯೊಬ್ಬಳು ಶಂಕ್ರೆಪ್ಪನ ದೃಷ್ಟಿ ತೆಗೆದು ನೆಟಿಗೆ ಮುರಿದಳು. ಶಾಲು ಹೆಗಲಿಗೆ ಬಿತ್ತು. ಅವನು ಅದೇ ಶಾಲಿನಲ್ಲಿ ಗುಂಪು ಸೀಳಿಕೊಂಡು ನೇರ ಹೆಡ್‌ಮಾಸ್ತರರ ಮನೆಗೆ ನಡೆದ. ಊರು ನಂಬದಿದ್ದರೂ ರೋಗಿಯಾದರೂ ನಂಬಬೇಕಲ್ಲ. ಜನ ಹಿಂದೆಯೇ ಹೊರಟರು.

ಸಿದ್ಧರಾಮ ಸರ್ ಬಾಗಿಲನ್ನು ಗೇಣಷ್ಟು ತೆರೆದು, ಅವನೊಬ್ಬನನ್ನೇ ಒಳಗೆಳೆದು ಚಿಲಕ ಹಾಕಿದರು. ಮುಖ ಸ್ವಲ್ಪ ಸೊರಗಿತ್ತು, ಅಷ್ಟೇ.

"ಸರ್, ಹೆಂಗ ಹೇಳೂದೋ ತಿಳೀವಲ್ದು," ಎಂದ ಶಂಕ್ರೆಪ್ಪ. "ಮಂದಿ ಮಾತು ನಂಬಬ್ಯಾಡ್ರಿ. ನನ್ನ ಕಿಡ್ನಿ ಮ್ಯಾಲ ಆಸೆ ಇಟ್ಕೋಬ್ಯಾಡ್ರಿ. ನನಗಿರೂದು ಮೂಲವ್ಯಾಧಿ. ದೇವರಾಣಿ ಖರೆ."

"ನಾ ನಂಬ್ತೇನಿ," ಎಂದರು ಸಿದ್ಧರಾಮ ಸರ್.

ಇಡೀ ದಿನದಲ್ಲಿ ಆ ಮಾತು ಆಡಿದವರು ಅವರೊಬ್ಬರೇ. ಶಂಕ್ರೆಪ್ಪನಿಗೆ ಅಳು ಬಂತು.

"ಯಾಕಂದ್ರ ಶಂಕ್ರೆಪ್ಪ, ನನ್ನ ಕಿಡ್ನಿಗೆ ಏನೂ ಆಗಿಲ್ಲ. ನನಗಿದ್ದದ್ದೂ ಅದ. ಸಿಂದಗಿಗೆ ಹೋಗಿ ಆಪರೇಶನ್ ಮಾಡಿಸ್ಕೊಂಡು ಬಂದೇನಿ."

"ಮತ್ತ ಕಿಡ್ನಿ ಅಂತ ಯಾಕ ಬರದ್ರಿ ಸರ್?"

"ರಜಾ ಅರ್ಜಿ ನಿನ್ನ ಟೇಬಲ್ಲಿಗೆ ಬರ್ತಿತ್ತಲ್ಲ. ಹೆಡ್‌ಮಾಸ್ತರ ಆಗಿ ಅದನ್ನ ಹೆಂಗ ಬರೀಲಿ? ಹೆಂಡತಿಗೂ ಹೇಳಿಲ್ಲ. ಅಕಿಗೆ ಹೇಳಿದ್ರ ಮುದ್ದೇಬಿಹಾಳಕ್ಕ ತವರಮನಿಗೆ ಫೋನ್ ಹೋಗ್ತೈತಿ, ನಮ್ಮ ಮಾವಗ ತಿಳಿದ್ರ ತಾಲೂಕಿಗೆ ತಿಳಿದಂಗ. ಸಣ್ಣ ತ್ರಾಸ ಅಂತ ಬರದಿದ್ದೆ, ಮಂದಿ ಎರಡೂ ಕಿಡ್ನಿ ತಗದು ಬಿಟ್ರು. ಈಗ ನಾ ಆರಾಮ ಆಗೇನಂತ ಹೊರಗ ಬರಬೇಕಂದ್ರ ಯಾರಾರ ಕೊಟ್ಟಂಗ ಆಗಬೇಕು." ಅವರು ಕೈ ಜೋಡಿಸಿದರು. "ನನ್ನ ಮಾನಾ ಉಳಸು ಮಾರಾಯಾ. ಹೆಂಗೂ ನಿನ್ನ ಮಾತು ಯಾರೂ ನಂಬಿಲ್ಲ."

ಇಪ್ಪತ್ತು ವರ್ಷದಲ್ಲಿ ಸಿದ್ಧರಾಮ ಸರ್ ಅವನಿಗೆ ಕೈ ಮುಗಿದದ್ದು ಇದೇ ಮೊದಲು. ಆ ಸಂಕಟ ಎಂಥದೆಂದು ಶಂಕ್ರೆಪ್ಪನಷ್ಟು ಬಲ್ಲವರು ಆ ಊರಲ್ಲಿ ಯಾರಿದ್ದರು? ಅವನು ಏನೋ ಹೇಳಹೋದ. ಅಷ್ಟರಲ್ಲಿ ಹೊರಗೆ ಬಾಗಿಲು ಬಡಿದರು. ಸರ್ ಚಿಲಕ ತೆಗೆದರು. ದಾನೇಶ್ವರಿ, ದುಂಡೇಶ, ಅವರ ಹಿಂದೆ ಓಣಿಯೆಲ್ಲ ನಿಂತಿತ್ತು. ಸುರೇಖಾಳೂ ಇದ್ದಳು.

"ಏನಂದ್ರು ಅಣ್ಣಾರು?" ಎಂದು ದಾನೇಶ್ವರಿ ಗಂಡನನ್ನು ಕೇಳಿದಳು.

ಸಿದ್ಧರಾಮ ಸರ್ ನೆಲ ನೋಡಿದರು. ಎಲ್ಲರ ಕಣ್ಣೂ ಶಂಕ್ರೆಪ್ಪನ ಮೇಲೆ ನೆಟ್ಟವು.

ದುಂಡೇಶ ಜೇಬಿನಿಂದ ಪೆನ್ನು ತೆಗೆದು, ಅಂಗೈ ಮೇಲೆ ಬರೆದುಕೊಳ್ಳಲು ಸಿದ್ಧನಾದ. "ಮಂದಿ ಕೇಳಾಕತ್ತಾರ್ರಿ ಶಂಕ್ರೆಪ್ಪಾರ. ಎಡಕಿಂದೋ, ಬಲಕಿಂದೋ?"

ಶಂಕ್ರೆಪ್ಪ ಹೆಗಲ ಮೇಲಿನ ಶಾಲು ಸರಿಮಾಡಿಕೊಂಡ.

"ಎಡಕಿಂದು," ಎಂದ.